ಮೂರು ಮನೆಯ ಊಟ

ನನ್ನ ಬಲಗಾಲಿನಲ್ಲಿ ಈಗ ನಾಲ್ಕು ಬೆರಳುಗಳಿವೆ. ಹೋದದ್ದು ಹೆಬ್ಬೆರಳಿನ ಪಕ್ಕದ್ದು. ಷೂ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ, ನಡೆಯುವುದಕ್ಕೂ ಅಂಥ ತೊಂದರೆಯಿಲ್ಲ. ನೂರಾ ಎಂಟು ಕೆಜಿ ತೂಗುತ್ತಿದ್ದವನು ಎಂಬತ್ತಾರಕ್ಕೆ ಇಳಿದಿದ್ದೇನೆ. ಊರಿನವರು ಬದುಕಿಕೊಂಡ ಅನ್ನುತ್ತಾರೆ. ಹೌದು, ಬದುಕಿಕೊಂಡೆ. ಬೆರಳು ಹೋದದ್ದಕ್ಕೆ ನನಗೆ ಅಷ್ಟೇನೂ ಸಂಕಟವಿಲ್ಲ. ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನು ನುಂಗಿಕೊಂಡೆನಲ್ಲ, ಅದು ಕಾಲಿಗಿಂತ ಹೆಚ್ಚು ನೋಯಿಸುತ್ತದೆ. ನಡೆಯುತ್ತಾ ನಡೆಯುತ್ತಾ ಮೀನಖಂಡ ಹಿಡಿದುಕೊಂಡು ನಿಲ್ಲುವವರು, ನಿಂತದ್ದಕ್ಕೆ ಬೇರೇನೋ ನೆಪ ಹೇಳುವವರು ನನ್ನ ಹಾಗೆ ಇನ್ನೂ ಎಷ್ಟು ಜನ ಇದ್ದಾರೋ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಫೀಲ್ಡ್‌ಮ್ಯಾನ್. ಮನೆ ಮದ್ದೂರಿನ ಹತ್ತಿರದ ಹಳ್ಳಿ, ಕೆಲಸ ಮಳವಳ್ಳಿ ಕಡೆಯ ಊರುಗಳಲ್ಲಿ. ಯಾರ ಗದ್ದೆಯ ಕಬ್ಬು ಎಷ್ಟು ತಿಂಗಳಿನದು, ಯಾವುದು ಬಲಿತಿದೆ ಎಂದು ನಾನು ಬರೆದುಕೊಂಡು ಬರುತ್ತೇನೆ. ಅದರ ಮೇಲೆ ಕಾರ್ಖಾನೆ ಕಟಾವಿನ ಪರ್ಮಿಟ್ ಕೊಡುತ್ತದೆ. ಪರ್ಮಿಟ್ ತಡವಾದರೆ ಕಬ್ಬು ಸೂಲಂಗಿ ಬಿಟ್ಟು, ಅಂದರೆ ಹೂವಾಗಿ, ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ನಾನು ಗದ್ದೆಯ ಬದುವಿಗೆ ಕಾಲಿಟ್ಟರೆ ಸಾಕು, ರೈತ ಕಬ್ಬನ್ನು ನೋಡುವುದು ಬಿಟ್ಟು ನನ್ನ ಮುಖವನ್ನು ನೋಡುತ್ತಿದ್ದ.

ದುಡ್ಡು ಮುಟ್ಟಿದವನಲ್ಲ ನಾನು. ಈ ಮಾತನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಊಟ? ನಮ್ಮ ಕಡೆ ಉಣ್ಣುವ ಹೊತ್ತಿಗೆ ಮನೆ ಬಾಗಿಲಿಗೆ ಬಂದವನು ಉಣ್ಣದೆ ಹೋದರೆ ಅವನ ಮನಸ್ಸಿನಲ್ಲಿ ಏನೋ ಇದೆ ಎಂದೇ ಅರ್ಥ. ಅದರಲ್ಲೂ ಫೀಲ್ಡ್‌ಮ್ಯಾನ್ ಉಣ್ಣದೆ ಹೋದರೆ ಮುಗಿಯಿತು. ಬಂಡೂರಿನ ಸಿದ್ದೇಗೌಡರ ಮನೆಯಲ್ಲಿ ಒಮ್ಮೆ ಬೇಡ ಅಂದಿದ್ದೆ. ಅವರು ಗೇಟಿನವರೆಗೂ ಹಿಂದೆಯೇ ಬಂದರು.

"ಯಾಕಣ್ಣ, ನಮ್ ಕಬ್ಬ ಇಂದಕ್ಕೆ ಆಕ್ಬುಟ್ರಾ? ಉಣ್ದೆ ಓಯ್ತಾವ್ರಲ್ಲ ಅಂತ ನಮ್ಮನೆಯವ್ಳು ಒಳಗೆ ಕಣ್ಣೀರ್ ಆಕ್ತಾವ್ಳೆ."

"ಇಲ್ಲ ಗೌಡ್ರೆ, ಈಗ ತಾನೇ ಆ ಬೀದೀಲಿ ಉಂಡು ಬಂದೆ" ಎಂದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಆ ಬೀದಿಯವರ ಮನೆಯಲ್ಲಿ ಉಂಡವನು ಈ ಬೀದಿಯಲ್ಲಿ ಉಣ್ಣುವುದಿಲ್ಲವೆಂದರೆ ಆ ಬೀದಿಯವರ ಕಬ್ಬು ಮೊದಲು ಕಟಾವಾಗುತ್ತದೆ ಎಂದಾಯಿತು. ಒಳಗೆ ಹೋಗಿ ಕೂತೆ. ಬಂಡೂರಿನ ಕುರಿ, ಬಾಯಲ್ಲಿಟ್ಟರೆ ಕರಗುವ ಕೊಬ್ಬು, ಎರಡು ಮುದ್ದೆ. ಅವತ್ತಿನಿಂದ ನಾನೊಂದು ನ್ಯಾಯ ಕಂಡುಕೊಂಡೆ. ಪಕ್ಷಪಾತ ಬೇಡ, ಎಲ್ಲರ ಮನೆಯಲ್ಲೂ ಉಣ್ಣುವುದು. ಹನ್ನೆರಡಕ್ಕೆ ಒಂದು ಮನೆ, ಒಂದೂವರೆಗೆ ಇನ್ನೊಂದು, ಮೂರು ಗಂಟೆಗೆ ಮತ್ತೊಂದು. ಇಷ್ಟು ಸತ್ಯವಂತನಾದ ಫೀಲ್ಡ್‌ಮ್ಯಾನ್ ಈ ಭಾಗದಲ್ಲಿ ಇರಲಿಲ್ಲ.

ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ, ಅಥವಾ ಹಾಗೆಂದು ನಾನು ತಿಳಿದಿದ್ದೆ. ನನಗಿಂತ ಮೊದಲು ಈ ಕೆಲಸದಲ್ಲಿದ್ದವನಿಗೆ ನಮ್ಮೂರಿನವರು 'ಊರೂರ ಮೇಲೆ ಉಣ್ಣೋನು' ಎಂದು ಹೆಸರಿಟ್ಟಿದ್ದರು. ಅದಕ್ಕೇ ನಮ್ಮವ್ವ ನಲ್ಲಿಯ ಹತ್ತಿರ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದಳು.

"ನನ್ ಮಗ ರೈತ್ರು ಮನೇಲಿ ಒಂದ್ ಲೋಟ ನೀರ್ನೂ ಮುಟ್ಟಾಕಿಲ್ಲ ಕಣವ್ವ. ಕೈಯೂ ಸುದ್ದ, ಬಾಯೂ ಸುದ್ದ."

ಅವ್ವನ ಆ ಹೆಮ್ಮೆಯನ್ನು ನಾನು ಒಂದು ದಿನವೂ ತಿದ್ದಲಿಲ್ಲ. ತಿದ್ದದಿದ್ದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ. ಸಂಜೆ ಮನೆಗೆ ಬಂದರೆ ಹೆಂಡತಿ ಮಂಜುಳಾ ತಟ್ಟೆ ಇಡುತ್ತಿದ್ದಳು. ಮುದ್ದೆ, ಸೊಪ್ಪಿನ ಸಾರು, ಒಂದು ಹಿಡಿ ಅನ್ನ. ಹೊಟ್ಟೆ ಬಿರಿಯುವ ಹಾಗಿದ್ದರೂ ಬೆಳಿಗ್ಗೆಯಿಂದ ಉಪವಾಸವಿದ್ದವನಂತೆ ಉಣ್ಣುತ್ತಿದ್ದೆ. ಅವ್ವ ಎದುರಿಗೆ ಕೂತು ನೋಡುತ್ತಿದ್ದಳು. "ಪಾಪ, ಎಷ್ಟ್ ಅಸ್ಕೊಂಡವ್ನೆ ನೋಡು, ಇನ್ನೊಂದ್ ತುತ್ತು ಇಕ್ಕವ್ವ" ಅನ್ನುತ್ತಿದ್ದಳು. ಹೀಗೆ ದಿನಕ್ಕೆ ನಾಲ್ಕು ಊಟ, ಹತ್ತು ಹನ್ನೆರಡು ವರ್ಷ. ಪ್ಯಾಂಟು ಬದಲಾಯಿತು, ಬೆಲ್ಟು ಬದಲಾಯಿತು, ಸ್ಕೂಟರಿನ ಸೀಟು ಹರಿಯಿತು. ದಪ್ಪಗಾದರೆ ನಮ್ಮಲ್ಲಿ ಯಾರೂ ಕಾಯಿಲೆ ಅನ್ನುವುದಿಲ್ಲ. ಅನುಕೂಲವಾಗಿದ್ದಾನೆ ಅನ್ನುತ್ತಾರೆ.

ಮೊದಲು ಗೊತ್ತಾದದ್ದು ಬಲಗಾಲಿನ ಮೀನಖಂಡದಲ್ಲಿ. ಬದುವಿನ ಮೇಲೆ ನೂರು ಹೆಜ್ಜೆ ಹಾಕಿದರೆ ಒಳಗಿನಿಂದ ಯಾರೋ ಬಟ್ಟೆ ಹಿಂಡಿದ ಹಾಗೆ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಮತ್ತೆ ನಡೆದರೆ ಮತ್ತೆ ಹಿಡಿಯುತ್ತಿತ್ತು. ರೈತನ ಎದುರಿಗೆ ಕಾಲು ಹಿಡಿದುಕೊಂಡು ನಿಲ್ಲುವುದು ಹೇಗೆ? ಅದಕ್ಕೆ ಒಂದು ಉಪಾಯ ಮಾಡಿದೆ. ನೋವು ಬಂದಾಗ ಕಬ್ಬಿನ ಮುಂದೆ ನಿಂತು ಗರಿ ಎಳೆದು ನೋಡುವುದು, ಗಿಣ್ಣು ಎಣಿಸುವುದು, ಕತ್ತು ಓರೆ ಮಾಡಿ ಹೂಂ ಅನ್ನುವುದು. ನೋವು ಹೋದ ಮೇಲೆ ಮುಂದಕ್ಕೆ ಹೋಗುವುದು. "ಈವಯ್ಯನಂಗೆ ಕಬ್ಬ ನೋಡೋರು ಯಾರವ್ರೆ ಬುಡು" ಎಂದು ರೈತರು ಮೆಚ್ಚಿಕೊಂಡರು. ಕಾಲು ಕೆಟ್ಟಷ್ಟೂ ನನ್ನ ಹೆಸರು ಬೆಳೆಯಿತು.

ಮಂಜುಳಾ ಮಾತ್ರ ಕಂಡುಹಿಡಿದಳು. ಒಂದು ಭಾನುವಾರ ಇಬ್ಬರೂ ಮದ್ದೂರಿನ ಸಂತೆಗೆ ಹೋಗಿದ್ದೆವು. ನಾನು ನಾಲ್ಕು ಕಡೆ ನಿಂತೆ.

"ಯಾಕ್ ನಿಂತ್ಕತೀರಿ?"

"ಟೊಮೊಟೊ ನೋಡ್ತಿದ್ದೆ."

"ಅದು ಚಪ್ಲಿ ಅಂಗ್ಡಿ. ನಡೀರಿ ಆಸ್ಪತ್ರೆಗೆ ಓಗುವ."

ನಾನು ಹೋಗಲಿಲ್ಲ. ವಾಯು ಅಂದೆ. ಪಕ್ಕದ ಊರಿನಲ್ಲಿ ನರ ಎಳೆಯುವವನ ಹತ್ತಿರ ಎಣ್ಣೆ ಹಾಕಿಸಿ ತಿಕ್ಕಿಸಿಕೊಂಡೆ. ಅವಳು ಆಮೇಲೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಅವತ್ತು ಅವಳ ಹಿಂದೆ ಹೋಗಿದ್ದರೆ ಇವತ್ತು ಬೆರಳು ಇರುತ್ತಿತ್ತು. ಅದು ನನ್ನ ಮೊದಲನೇ ಪಶ್ಚಾತ್ತಾಪ, ಚಿಕ್ಕದು.

ಕಟಾವಾದ ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿದ್ದು ಮಾಘದಲ್ಲಿ. ಚಪ್ಪಲಿ ದಾಟಿ ಬೆರಳಿಗೆ ತಾಗಿತು. ಇಂಥ ಗಾಯ ಜೀವನದಲ್ಲಿ ನೂರು ಆಗಿವೆ. ಅರಿಶಿನ ಒತ್ತಿದೆ. ಒಂದು ವಾರ, ಎರಡು ವಾರ, ಒಂದು ತಿಂಗಳು, ಗಾಯ ಮಾಯಲಿಲ್ಲ. ಬೆರಳು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ರಾತ್ರಿ ಹೊದಿಕೆ ತಾಗಿದರೂ ಉರಿ. ಕೊನೆಗೆ ಮಂಜುಳಾ ನನ್ನ ಮಾತು ಕೇಳುವುದನ್ನು ಬಿಟ್ಟು ಆಟೋ ಕರೆಸಿದಳು.

ಮಂಡ್ಯದ ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತಿದ್ದೆವು. ಆ ಸಾಲಿನಲ್ಲಿ ಕೂತವರೆಲ್ಲ ಕಾಲಿಗೆ ಬಟ್ಟೆ ಸುತ್ತಿಕೊಂಡವರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಪಕ್ಕದವರ ಕಾಲನ್ನು ನೋಡುತ್ತಿದ್ದರು. ನನ್ನದಕ್ಕಿಂತ ಕೆಟ್ಟದ್ದು ಕಂಡರೆ ಒಂದು ಕ್ಷಣ ಧೈರ್ಯ ಬರುತ್ತಿತ್ತು, ಮರುಕ್ಷಣ ಹೆದರಿಕೆ. ನನಗೆ ಅಂಥ ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೇಳದೆಯೇ ಬಾಳೆಹಣ್ಣು ಮುರಿದು ಅರ್ಧ ಕೊಟ್ಟಳು. "ತಿನ್ನಪ್ಪ, ಏನೂ ಆಗಕಿಲ್ಲ" ಅಂದಳು. ಅವಳ ಹೆಸರೂ ಕೇಳಲಿಲ್ಲ ನಾನು.

ಡಾಕ್ಟರಮ್ಮ ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಹುಡುಕಿದರು. ಆಮೇಲೆ ತಣ್ಣನೆಯ ಜೆಲ್ ಹಚ್ಚಿ ಪೆನ್ನಿನಂಥದ್ದೊಂದನ್ನು ಒತ್ತಿ ಹಿಡಿದರು. ಎಡಗಾಲಿಗೆ ಇಟ್ಟಾಗ ಅದಕ್ಕೆ ಜೋಡಿಸಿದ್ದ ಪೆಟ್ಟಿಗೆಯಿಂದ ಡುಸ್, ಡುಸ್ ಎಂದು ರಕ್ತ ಹರಿಯುವ ಸದ್ದು ಬಂತು. ಬಲಗಾಲಿಗೆ ಇಟ್ಟರು. ಬರೀ ಗಾಳಿ ಬೀಸಿದ ಹಾಗೆ. ಜಾಗ ಬದಲಿಸಿ ಇಟ್ಟರು. ಮತ್ತೆ ಗಾಳಿ. ನಮ್ಮ ಜೊತೆ ಬಂದಿದ್ದ ಅವ್ವ ಮೆಲ್ಲಗೆ ಕೇಳಿದಳು, "ಇದ್ರಲ್ಲಿ ಯಾಕವ್ವ ಸದ್ದು ಬರ್ನಿಲ್ಲ?"

ಬಿಪಿ ಇತ್ತು, ಶುಗರ್ ಇತ್ತು, ಎರಡೂ ನನಗೆ ಗೊತ್ತಿರಲಿಲ್ಲ. ಬೀಡಿ ಸಿಗರೇಟು ಇದೆಯಾ ಎಂದು ಕೇಳಿದರು. ಇಲ್ಲ. ಕುಡಿಯುತ್ತೀರಾ? ಇಲ್ಲ. ಆಗ ಡಾಕ್ಟರಮ್ಮ ನನ್ನ ಹೊಟ್ಟೆಯನ್ನು ತೋರಿಸಿ ಹೇಳಿದರು.

"ಈ ಕೊಬ್ಬು ಸುಮ್ನೆ ಕೂತಿರಲ್ಲ. ರಕ್ತನಾಳದ ಒಳಮೈಯನ್ನ ಕೆಡಿಸುತ್ತೆ. ನೀವು ನಡೆದಾಗ ಕಾಲು ಜಾಸ್ತಿ ರಕ್ತ ಕೇಳುತ್ತೆ, ನಾಳ ಅಗಲ ಆಗಿ ಕೊಡಬೇಕು. ನಿಮ್ಮದಕ್ಕೆ ಅಗಲ ಆಗೋದೇ ಮರೆತುಹೋಗಿದೆ. ಈಗ ಒಳಗೂ ಕಟ್ಟಿಕೊಂಡಿದೆ."

"ಡ್ರಿಪ್ ಪೈಪ್ ಕಟ್ಕೊಂಡಂಗಾ ಮೇಡಂ?" ಎಂದೆ.

"ಪೈಪಿಗೆ ಜೀವ ಇಲ್ವಲ್ಲ. ಇದಕ್ಕಿದೆ. ಕಟ್ಟಿಕೊಳ್ಳೋಕೆ ಎಷ್ಟೋ ವರ್ಷ ಮೊದಲೇ ಅದು ಕಷ್ಟ ಪಡ್ತಿರುತ್ತೆ, ಹೇಳ್ತಾನೂ ಇರುತ್ತೆ. ನಾವು ಕೇಳಿಸ್ಕೊಳ್ಳಲ್ಲ. ಸರಿ, ದಿನಾ ಏನೇನು ಊಟ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಮಂಜುಳಾ ಹೇಳಿದಳು. ಬೆಳಿಗ್ಗೆ ಎರಡು ರಾಗಿ ರೊಟ್ಟಿ, ಮಧ್ಯಾಹ್ನ ಕೆಲಸದ ಮೇಲೆ ಎರಡು ಬಾಳೆಹಣ್ಣು, ರಾತ್ರಿ ಮುದ್ದೆ, ಸೊಪ್ಪಿನ ಸಾರು, ಭಾನುವಾರ ಬಾಡು. ಬಾಳೆಹಣ್ಣಿನ ಕಥೆ ನಾನೇ ಅವಳಿಗೆ ಹೇಳಿದ್ದು. ಡಾಕ್ಟರಮ್ಮ ಪೆನ್ನು ಎತ್ತಿ ನನ್ನ ಕಡೆ ನೋಡಿದರು.

"ಅಷ್ಟೇನಾ?"

ಪಕ್ಕದಲ್ಲಿ ಅವ್ವ ಕೂತಿದ್ದಳು. "ಅಷ್ಟೇ ಮೇಡಂ" ಎಂದೆ.

ಡಾಕ್ಟರಮ್ಮ ನಂಬಲಿಲ್ಲ ಅನ್ನುವುದು ಮುಖದಲ್ಲೇ ಕಂಡಿತು. ಮಂಜುಳಾ ಕಡೆ ತಿರುಗಿ, "ತಿಂಗಳಿಗೆ ಎಣ್ಣೆ ಎಷ್ಟಮ್ಮ ಬಳಸ್ತೀರಿ?" ಎಂದು ಕೇಳಿದರು. ಮಂಜುಳಾ ಮೇಲೆ ತಪ್ಪು ಬೀಳುವುದು ಅಲ್ಲಿಂದ ಶುರುವಾಯಿತು.

ಮೈಸೂರಿಗೆ ಕಳಿಸಿದರು. ತೊಡೆಯ ಸಂದಿನಿಂದ ತಂತಿ ಬಿಟ್ಟು, ಬಲೂನು ಊದಿಸಿ ನಾಳ ಬಿಡಿಸಿದರು. ಪಾದ ಉಳಿಯುತ್ತದೋ ಇಲ್ಲವೋ ಎರಡು ದಿನ ಹೇಳಲಾಗದು ಅಂದರು. ಆ ಎರಡು ದಿನ ಹೊದಿಕೆ ಸರಿಸಿ ಸರಿಸಿ ಪಾದ ಬೆಚ್ಚಗಿದೆಯಾ ಎಂದು ಮುಟ್ಟಿ ನೋಡುತ್ತಿದ್ದೆ. ನನಗೆ ಕೈ ಎಟುಕದಿದ್ದಾಗ ಮಂಜುಳಾ ಮುಟ್ಟಿ, "ಬೆಚ್ಚಗದೆ" ಅನ್ನುತ್ತಿದ್ದಳು. ಮೂರನೇ ದಿನ ಬೆರಳೊಂದನ್ನು ತೆಗೆದರು. ಪಾದ ಉಳಿಯಿತು.

ಪಕ್ಕದ ಮಂಚದಲ್ಲಿ ಬ್ಲಫ್ ಅನ್ನುವ ಊರಿನ ಕರೆಂಟಿನ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಯಜಮಾನರಿದ್ದರು. ಮೊಣಕಾಲಿನ ಕೆಳಗೆ ಅವರಿಗೆ ಕಾಲೇ ಇರಲಿಲ್ಲ. "ನಿಂದು ಬುಡಪ್ಪ, ಒಂದ್ ಬಲ್ಬ್ ಓಯ್ತು ಅಷ್ಟೆಯ. ನಂದು ಲೈನೇ ಕಟ್ ಮಾಡ್ಬುಟ್ರು" ಎಂದು ನಗಿಸುತ್ತಿದ್ದರು. ಆ ವಾರ್ಡಿನಲ್ಲಿ ನಾನು ನಕ್ಕಿದ್ದರೆ ಅವರಿಂದ.

ನಾಲ್ಕನೇ ದಿನ ಮಳವಳ್ಳಿಯಲ್ಲಿರುವ ನನ್ನ ಅಕ್ಕ ಭಾಗ್ಯ ನಮ್ಮೂರಿಗೆ ಹೋಗಿ ಅವ್ವನನ್ನು ಕರೆದುಕೊಂಡು ಬಂದಳು. ಅವ್ವ ಕಾಲಿನ ಬ್ಯಾಂಡೇಜು ನೋಡಿ ಮಂಚದ ಸರಳು ಹಿಡಿದು ನಿಂತಳು.

"ಕುಡಿಯಾಕಿಲ್ಲ, ಸೇದಾಕಿಲ್ಲ. ನನ್ ಮಗನ್ಗೆ ಎಂಗ್ ಬಂತವ್ವ ಇದು?"

"ಊಟದಿಂದ ಅಂತ ಡಾಕ್ಟ್ರೇ ಯೇಳವ್ರಲ್ಲ" ಎಂದಳು ಅಕ್ಕ. "ಊಟ ಇಕ್ಕೋರು ಯಾರು ಅವ್ನಿಗೆ?"

ಇಬ್ಬರೂ ಮಂಜುಳಾ ಕಡೆ ತಿರುಗಿದರು. ಅವಳು ನನ್ನ ಬೆನ್ನಿಗೆ ದಿಂಬು ಇಡುತ್ತಿದ್ದಳು.

"ಎಣ್ಣೆ ತುಪ್ಪ ಸುರ್ದು ಸುರ್ದು ನನ್ ಮಗನ್ ಕಾಲ್ ತಿಂದ್ಬುಟ್ಟಲ್ಲವ್ವ" ಎಂದಳು ಅವ್ವ. ಕೂಗಲಿಲ್ಲ. ಮೆಲ್ಲಗೆ ಹೇಳಿದಳು.

ಮಂಜುಳಾ ದಿಂಬು ಬಿಟ್ಟು ನೆಟ್ಟಗೆ ನಿಂತಳು. "ನಾನ್ ಏನ್ ಇಕ್ಕಿದ್ದೀನಿ ಅಂತ ಇವ್ರನ್ನೇ ಕೇಳತ್ತೆ."

ಮೂವರೂ ನನ್ನನ್ನು ನೋಡಿದರು. ಒಂದು ವಾಕ್ಯ ಸಾಕಾಗಿತ್ತು. ನಾನು ಹೊರಗೆ ಉಣ್ಣುತ್ತಿದ್ದೆ, ಅಷ್ಟು. ಆದರೆ ಆ ವಾಕ್ಯ ಹೇಳಿದರೆ ನಲ್ಲಿಯ ಹತ್ತಿರ ಅವ್ವ ಕಟ್ಟಿದ್ದ ಹೆಸರು ಹೋಗುತ್ತದೆ, ನಾನೂ ಊರೂರ ಮೇಲೆ ಉಣ್ಣುವವನಾಗುತ್ತೇನೆ. ಬೆರಳು ಕಳೆದುಕೊಂಡು ಮಲಗಿದ್ದಾಗಲೂ ನನಗೆ ಅದೇ ಚಿಂತೆ. ನಾನು ಕಣ್ಣು ಮುಚ್ಚಿಕೊಂಡೆ. ನರ್ಸಮ್ಮ ನೋವೆಂದು ತಿಳಿದು ಓಡಿ ಬಂದು ಇಂಜೆಕ್ಷನ್ ಕೊಟ್ಟರು. ಪಾಪ, ಅವರಿಗೇನು ಗೊತ್ತು.

ಎಲ್ಲರೂ ಹೋದ ಮೇಲೆ ಪಕ್ಕದ ಮಂಚದ ಯಜಮಾನರು ಚಾವಣಿ ನೋಡುತ್ತಾ ಕೇಳಿದರು. "ನಿದ್ದೆ ಬಂದಿತ್ತಾ ಆವಾಗ?" ನಾನು ಹೂಂ ಅಂದೆ. ಅವತ್ತು ಅವರು ಮತ್ತೆ ತಮಾಷೆ ಮಾಡಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಮಾಡಿಕೊಂಡಳು. ಎಪ್ಪತ್ತೆಂಟು ವರ್ಷದ ಕೈಯಲ್ಲಿ ಗಂಜಿ ಕಾಯಿಸಿಕೊಳ್ಳುತ್ತಿದ್ದಳು. ಯಾಕವ್ವ ಅಂದರೆ, "ಮಗನ್ ಕೆಡಿಸಿದ್ ಕೈಯಲ್ಲಿ ನಂಗ್ ಬ್ಯಾಡ" ಅನ್ನುತ್ತಿದ್ದಳು. ಒಂದು ತಿಂಗಳಾದ ಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ಮಳವಳ್ಳಿಗೆ, ಮಗಳ ಮನೆಗೆ ಹೋದಳು.

ಮಂಜುಳಾ ಎದುರಾಡಲಿಲ್ಲ. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದಳು. ನೋವು ಬರುವವರೆಗೆ ನಡೆಯಿರಿ, ನಿಲ್ಲಿ, ಮತ್ತೆ ನಡೆಯಿರಿ ಎಂದು ಡಾಕ್ಟರಮ್ಮ ಹೇಳಿದ್ದರು. ದಿನಾ ಬೆಳಿಗ್ಗೆ ನಾಲೆಯ ಏರಿಯ ಮೇಲೆ ನನ್ನ ಜೊತೆ ನಡೆಯುತ್ತಿದ್ದಳು. ನಾನು ನಿಂತಾಗ ನಿಲ್ಲುತ್ತಿದ್ದಳು. ಮೊದಲು ಎಂಬತ್ತು ಹೆಜ್ಜೆ, ಆಮೇಲೆ ಇನ್ನೂರು, ಆಮೇಲೆ ತೂಬಿನವರೆಗೆ. ಪ್ರತಿ ಸಲ ನಿಂತಾಗಲೂ ಈಗ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ನೋವು ಇಳಿಯುತ್ತಿತ್ತು, ಮುಂದಕ್ಕೆ ನಡೆಯುತ್ತಿದ್ದೆವು. ಹಬ್ಬ ಕಳೆಯಲಿ, ಅವ್ವನ ಕೋಪ ಇಳಿಯಲಿ, ಕಾಲು ಪೂರ್ತಿ ಸರಿಹೋಗಲಿ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡವನು ನಾನು, ಅನುಭವಿಸಿದವಳು ಅವಳು.

ಅವ್ವನಿಗೆ ಉಪ್ಸಾರು ಅಂದರೆ ಪ್ರಾಣ. ಶ್ರಾವಣದಲ್ಲಿ ಮಂಜುಳಾ ಉಪ್ಸಾರು, ಖಾರ, ಬಿಸಿ ಮುದ್ದೆ ಕ್ಯಾರಿಯರಿನಲ್ಲಿ ಕಟ್ಟಿ ಕೊಟ್ಟಳು. ಬಸ್ಸಿನಲ್ಲಿ ಮಳವಳ್ಳಿಗೆ ತೆಗೆದುಕೊಂಡು ಹೋದೆ. ಮುಚ್ಚಳ ತೆಗೆದ ಕೂಡಲೇ ಅವ್ವನ ಮುಖ ಅರಳಿತು.

"ಯಾರ್ಲಾ ಮಾಡಿದ್ದು?"

"ಮಂಜುಳಾ."

ಅವ್ವ ಕ್ಯಾರಿಯರನ್ನು ಕೈಯಿಂದ ಪಕ್ಕಕ್ಕೆ ತಳ್ಳಿದಳು. ಜಗಲಿಯ ಮೇಲೆ ನಾವಿಬ್ಬರೇ ಇದ್ದೆವು. ಮುಖ ನೋಡಿಕೊಂಡು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ನಾನು ಕ್ಯಾರಿಯರ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಮನೆಗೆ ಬಂದು, "ಅವ್ವ ಉಂಡ್ಕಂಡೇ ಕೂತಿದ್ಲು" ಎಂದು ಇನ್ನೊಂದು ಸುಳ್ಳು ಹೇಳಿದೆ. ಮಂಜುಳಾ ಕ್ಯಾರಿಯರ್ ತೊಳೆದಿಟ್ಟಳು.

ದೀಪಾವಳಿ ಕಳೆದ ಹದಿನೈದು ದಿನಕ್ಕೆ ಅವ್ವ ಹೋದಳು. ಮಧ್ಯಾಹ್ನ ತಟ್ಟೆಯ ಮುಂದೆ ಕೂತವಳು ಗೋಡೆಗೆ ಒರಗಿದಳಂತೆ, ಅಷ್ಟೇ.

ಇದನ್ನು ಓದುವವರಿಗೆ ನಾನು ಹೇಳುವುದು ಇಷ್ಟೇ. ಡಾಕ್ಟರು ಏನು ತಿನ್ನುತ್ತೀರಿ ಎಂದು ಕೇಳಿದರೆ ನಿಜ ಹೇಳಿ. ನೀವು ಮುಚ್ಚಿಟ್ಟ ಊಟ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಅದು ಅಡುಗೆ ಮಾಡಿದವಳ ತಲೆ.

ಹನ್ನೊಂದನೇ ದಿನದ ತಿಥಿ ನಮ್ಮ ಮನೆಯಲ್ಲೇ ನಡೆಯಿತು. ನಡುಮನೆಯಲ್ಲಿ ಅವ್ವನ ಫೋಟೋ ಇಟ್ಟು, ಮುಂದೆ ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡಬೇಕು. ಮಂಜುಳಾ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಉಪ್ಸಾರು ಮಾಡಿದ್ದಳು. ಬಟ್ಟಲು ಹಿಡಿದು ನಡುಮನೆಗೆ ಬಂದಾಗ ಭಾಗ್ಯಕ್ಕ ಅಡ್ಡ ನಿಂತಳು.

"ನೀ ಇಕ್ಬ್ಯಾಡ ಬುಡು ಮಂಜುಳಾ. ನಿನ್ ಕೈದು ಬ್ಯಾಡ ಅಂತ್ಲೇ ನಮ್ಮವ್ವ ಕಣ್ ಮುಚ್ಕೊಂಡ್ಲು. ಎಡೆ ನಾನ್ ಮಾಡ್ಕೊಂಡ್ ಬಂದಿವ್ನಿ."

ಮನೆ ತುಂಬಾ ಜನ. ಬಾಗಿಲ ಬಳಿ ಬಂಡೂರಿನ ಸಿದ್ದೇಗೌಡರು ನಿಂತಿದ್ದರು, ಅವರ ಹಿಂದೆ ನನಗೆ ಮುದ್ದೆ ಇಕ್ಕಿದ ಇನ್ನೂ ಏಳೆಂಟು ಜನ ರೈತರು. ಸಿದ್ದೇಗೌಡರು ಅಕ್ಕನ ಮಾತು ಕೇಳಿ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಹೆಗಲ ಮೇಲಿನ ಟವಲು ಸರಿ ಮಾಡಿಕೊಂಡರು. ನನ್ನ ಮರ್ಯಾದೆ ಉಳಿಸುತ್ತಿದ್ದರು ಆ ಮನುಷ್ಯ. ಅವರು ಒಬ್ಬರೇ ಅಲ್ಲ, ಎಲ್ಲರೂ. ಅಷ್ಟು ಜನಕ್ಕೆ ಗೊತ್ತಿದ್ದದ್ದು ಅವ್ವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಅಕ್ಕ, ನಿಂತ್ಕ" ಎಂದೆ. "ನನ್ ಕಾಲು ಕೆಡಿಸ್ದೋಳು ಮಂಜುಳಾ ಅಲ್ಲ. ಮಧ್ಯಾನದ ಒತ್ತು ಮೂರ್ ಮೂರ್ ಮನೇಲಿ ಉಣ್ತಿದ್ದೆ ನಾನು, ವರ್ಸಾನ್ಗಟ್ಲೆ. ಈ ಗೌಡ್ರ ಮನೇಲೂ ಉಂಡಿವ್ನಿ. ಇವ್ಳು ಇಕ್ಕಿದ್ದು ಬರೀ ಸೊಪ್ಪಿನ ಸಾರು."

ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಅವ್ವ ಇದ್ದಾಗ ಯೇಳಾಕೆ ನಿನ್ ಬಾಯ್ಗೇನ್ ಆಗಿತ್ಲಾ?"

ಮಂಜುಳಾ ಕಡೆ ನೋಡಿದೆ. ಅತ್ತಾಳು, ಇಲ್ಲವೇ ಸಮಾಧಾನ ಪಟ್ಟಾಳು ಅಂದುಕೊಂಡಿದ್ದೆ. ಅವಳು ಬಟ್ಟಲು ಹಿಡಿದುಕೊಂಡು ಹಾಗೇ ನಿಂತಿದ್ದಳು.

"ನಂಗ್ ಗೊತ್ತಿತ್ತು" ಎಂದಳು. "ನಿಮ್ ಸರ್ಟು ಒಗೆಯೋಳು ನಾನಲ್ವಾ. ಬಾಡಿನ್ ಸಾರಿನ್ ಕಲೆ ಬಾಳೆಅಣ್ಣಿಂದ ಬತ್ತದಾ? ಡಾಕ್ಟ್ರ ಮುಂದೆ ನೀವು ಯೇಳಿದ್ನೇ ಯೇಳ್ದೆ, ಅತ್ತೆ ಪಕ್ಕದಲ್ಲೇ ಇದ್ರಲ್ಲ. ನಾನೇ ಅತ್ತೆಗೆ ಯೇಳಿದ್ರೆ ತಪ್ಪ ಗಂಡನ್ ಮ್ಯಾಲೆ ಆಕ್ತಾಳೆ ಅಂತಿದ್ರು. ನೀವು ಯೇಳ್ಬೇಕಿತ್ತು. ಆಸ್ಪತ್ರೇಲಿ ನಿಮ್ ಮೊಕಾನೇ ನೋಡ್ತಾ ನಿಂತಿದ್ದೆ. ಕಣ್ ಮುಚ್ಕೊಂಡ್ರಲ್ಲ, ಅವತ್ತೇ ಕಾಯೋದ್ ಬುಟ್ಬುಟ್ಟೆ."

ಬಿಟ್ಟ ಮೇಲೂ ದಿನಾ ಬೆಳಿಗ್ಗೆ ಏರಿಯ ಮೇಲೆ ನನ್ನ ಜೊತೆ ನಡೆದಳು, ನಿಂತಾಗ ನಿಂತಳು. ಅದನ್ನು ನೆನೆದರೆ ಇವತ್ತಿಗೂ ತಡೆಯಲಾಗುವುದಿಲ್ಲ.

ಅವಳು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. "ನೀವೇ ಇಕ್ಕಿ. ಯಾರ್ ಮಾಡಿದ್ದು ಅಂತ ಯೇಳಿ ಇಕ್ಕಿ."

ನಾಲ್ಕು ಬೆರಳಿನ ಕಾಲು ಮಡಿಸಿ ಅವ್ವನ ಫೋಟೋದ ಮುಂದೆ ಕೂತೆ. ಎಲೆಯ ಮೇಲೆ ಮುದ್ದೆ ಇಟ್ಟೆ, ಉಪ್ಸಾರು ಬಿಟ್ಟೆ, ಪಕ್ಕದಲ್ಲಿ ಖಾರ ಇಟ್ಟೆ.

"ಮಂಜುಳಾ ಮಾಡಿದ್ದು ಕಣವ್ವ" ಎಂದೆ. "ಉಣ್ಣು."

ಎಲೆಯಿಂದ ಹಬೆ ಏಳುತ್ತಿತ್ತು. ಪಕ್ಕಕ್ಕೆ ತಳ್ಳುವುದಕ್ಕೆ ಅವ್ವ ಇರಲಿಲ್ಲ.